ಹೊಳ್ಳಿ ಬಂದ್ರ ಒಂದು

ಹಳೇ ಬಾಗಲಕೋಟ್ಯಾಗ, ಕಿಲ್ಲಾ ಓಣಿ ತುದಿಗೆ,
ದಸ್ತಗೀರಸಾಬರ ರೇಡಿಯೋ ರಿಪೇರಿ ಅಂಗಡಿ ಹಿಂದ
ಗೋಣಿತಟ್ಟಿನ ಪರದೆ ಸರಿಸಿದ್ರ
ಎರಡು ಟೀವಿ, ಒಂದು ಬೆಂಚು, ಅರ್ಧ ತಾಸಿಗೆ ಎರಡು ರೂಪಾಯಿ.

ಹಳದಿ ಕ್ಯಾಸೆಟ್ಟು. ಮ್ಯಾಲೆ ಅರವತ್ನಾಕು ಆಟ ಅಂತ ಬರದಿತ್ತು,
ಎಣಿಸಿದ್ರ ಹದಿನೆಂಟ.
ಒಂಬತ್ತನೇದಕ್ಕ ಯಾರೂ ಕೈ ಹಚ್ಚತಿದ್ದಿಲ್ಲ.
ಕ್ರಿಕೆಟ್ಟಂತ ತಿಳದು ಒತ್ತಿದವ್ರು ಬೈಕೋತ ಎದ್ದು ಬರತಿದ್ರು:
ಸ್ಟಂಪಿಲ್ಲ, ಬ್ಯಾಟು ಒನಕಿ ಇದ್ದಂಗ,
ಬೀಸಿದಾಂವ ಬ್ಯಾಟು ಒಗದು ಓಡತಾನ,
ಆಡೋರ ಮಾರಿ ಅಂದ್ರ ಬರೇ ಉಂಡಿ, ಕಾಲು ಅದಾವೋ ಇಲ್ಲೋ.
ನಾ ಅದನ್ನ ಆಡತಿದ್ದೆ. ಯಾಕಂದ್ರ ಅದಕ್ಕ ಪಾಳಿ ಇರತಿದ್ದಿಲ್ಲ,
ಉಳಿದ ಆಟಕ್ಕ ಹುಡುಗೀರಿಗೆ ಪಾಳಿ ಬರತಿದ್ದಿಲ್ಲ.

ಆಟಗಾರರ ಹೆಸರು ಜಪಾನಿ ಅಕ್ಷರದಾಗ.
ನಮ್ಮವ್ವ ಇಳಕಲ್ ಸೀರಿಗೆ ಕಸೂತಿ ಹಾಕಾಕಿ.
ಒಮ್ಮೆ ನನ್ನ ಎಳಕೊಂಡು ಹೋಗಾಕ ಬಂದಾಕಿ
ಪರದೆ ಹಿಡಕೊಂಡು ಹಂಗ ನಿಂತು ಬಿಟ್ಳು.
"ಇದು ಮುರಗಿ. ಅದು ಗವಂತಿ.
ಯಾರ ಹಾಕ್ಯಾರ ಇಷ್ಟು ಸಣ್ಣಾಗಿ?"
ಅವತ್ತಿನಿಂದ ನನ್ನ ತಂಡಕ್ಕ ಹೆಸರು ಬಂದ್ವು:
ಚೆಂಡು ಒಗಿಯಾಂವ ಗೋಪುರ, ಎಡಚ ನವಿಲು,
ಓಡಲಾರದ ದಪ್ಪಂದು ಆನಿ,
ದೂರ ನಿಂತಾಂವ ತುಳಸಿಕಟ್ಟಿ, ಚೆಂಡು ಬಂದ್ರೂ ಅಳ್ಳಾಡಾಂವಲ್ಲ.

ನಿಯಮ ಹೇಳಾವ್ರಿಲ್ಲ. ಸೋತು ಸೋತು ಕಂಡುಕೊಂಡೆ:
ಚೆಂಡು ದೂರ ಹೋದ್ರ ಸಾಲದು,
ಮೂರು ಮೂಲಿ ಮುಟ್ಟಿದ್ರೂ ಸಾಲದು,
ಎಲ್ಲಿಂದ ಹೊಂಟಿದ್ದೋ ಅಲ್ಲಿಗೆ ಹೊಳ್ಳಿ ಬಂದ್ರ ಒಂದು.
ಅವ್ವಗ ಹೇಳಿದೆ. ಸೂಜಿಯಿಂದ ಕಣ್ಣು ಎತ್ತಲಿಲ್ಲ.
"ಮತ್ತ? ಗವಂತಿ ಅಂದ್ರ ಅದ."

ಆ ವರ್ಷನ ಗ್ವಾಡಿಗೆ ಕೆಂಪು ನಂಬರು ಬಿದ್ವು.
ಸರ್ವೇದವ್ರು ಟೇಪು ಹಿಡದು ಅಳದ್ರು:
ತೊಲಿ ಎಷ್ಟು, ಬಾಗಲಾ ಸಾಗವಾನಿಯೋ ಬೇವೋ,
ಬಾವಿಗೆ ಇಷ್ಟು, ನುಗ್ಗಿ ಗಿಡಕ್ಕ ಇಷ್ಟು.
ಪರದೆ ಹಿಂದಿನ ನಮ್ಮ ಖೋಲಿಯನ್ನ
'ದನದ ಕೊಟಗಿ' ಅಂತ ಬರಕೊಂಡು ಹೋದ್ರು.
ಹಿನ್ನೀರು ಓಡಿ ಬರಲಿಲ್ಲ. ನಡಕೋತ ಬಂತು.

ಈಗ ನವನಗರ, ಸೆಕ್ಟರ್ ನಂಬರ್ ಹೇಳಿದ್ರನ ಮನಿ ಸಿಗೂದು.
ತಂಗಿ ಮಗ ಭುವನ ಮೊಬೈಲ್ ಹಿಡದು ಬಂದ:
"ದೊಡ್ಡವ್ವ, ನಿನ್ನ ಉಂಡಿ ಆಟ ಇನ್ನೂ ಐತಿ!"
ವರ್ಷಕ್ಕೊಂದು ಬಂದಾವಂತ, ನಾ ಹುಟ್ಟಿದಾಗಿಂದ ಅನ್ನು.
ಮೊದಲು ಮೂಗು ಬಂತಂತ. ಆಮ್ಯಾಲೆ ನೆರಳು.
ಕುಂತು ನೋಡೋ ಮಂದಿಗೆ ಬಾಯಿ ಬಂತು.
ಒಂದು ವರ್ಷ ಎಲ್ಲಾರ್ನೂ ಖರೇ ಮನಿಷಾರಂಗ ಮಾಡಿ,
ಮಂದಿ ಒಲ್ಲೆ ಅಂದದ್ದಕ್ಕ ಮತ್ತ ಉಂಡಿ ಮಾಡಿದ್ರಂತ.
ನಡುವ ಕೆಲವು ವರ್ಷ ಬರಲೇ ಇಲ್ಲ. ಯಾಕಂತ ಭುವನಗೂ ಗೊತ್ತಿಲ್ಲ.

ಅಲ್ಲೂ ಒಬ್ಬ ಗುಮಾಸ್ತ ಇರಬೇಕು,
ಪ್ರತಿ ಚಳಿಗಾಲ ಯಾದಿ ಮುಂದಿಟ್ಟುಕೊಂಡು ಅಳಿಯಾಂವ:
ಇವನ ಓಟ ಒಂದು ಕಡಿಮಿ,
ಇವನ ತೋಳು ಎರಡು ಕಡಿಮಿ,
ಇವನ ಹೆಸರು ತಗಿ.
ನನ್ನ ನವಿಲು ಯಾವ ವರ್ಷ ಹೋದನೋ.
ಆನಿಗೆ ಪರಿಹಾರ ಎಷ್ಟು ಬಂತೋ.
ಅವರ ಖರೇ ಹೆಸರು ಓದಿ ಹೇಳತೈತಂತ ಮೊಬೈಲು.
ಬ್ಯಾಡೋ ತಮ್ಮಾ, ಅಂದೆ.

ಮೇ ತಿಂಗಳ ನೀರು ಇಳದಿತ್ತು. ಇಬ್ಬರೂ ಹೋದಿವಿ.
ದಸ್ತಗೀರಸಾಬರ ಅಂಗಡಿ ಪಾವಟಿಗಿ ಮೂರು ಕಂಡ್ವು,
ನಾಕನೇದು ರಾಡ್ಯಾಗ.
ಕಾಲು ಚಾಚಿ ಹುಡುಕಿದೆ. ಗಟ್ಟಿ ಏನೋ ತಾಕಿತು,
ಕಲ್ಲೋ, ಯಾರದೋ ಒಳ್ಳೋ.
ಭುವನ ಮೊಣಕಾಲು ಬಗ್ಗಿಸಿ, ಎರಡೂ ಕೈ ಅಗಲ ಚಾಚಿ
ಅಂಪೈರನಂಗ ಒದರಿದ: "ಸೇಫ್!"
ಒಂದು ಕೊಕ್ಕರೆ ಹಾರಿ ಹೋತು.

ಕಾಲು ಬಂತು, ಚಪ್ಪಲಿ ಬರಲಿಲ್ಲ.
ಬಸ್‌ಸ್ಟ್ಯಾಂಡ್ ಮಟ ಒಂದ ಚಪ್ಪಲಿ ಮ್ಯಾಲೆ,
ಬಿಸಿಲಾಗ, ಕುಂಟಕೋತ, ನಕ್ಕೋತ.